ಖಾಲಿ ಮೊಳೆ

ತಪ್ಪು ನನ್ನದೇ. ಕರಪತ್ರಕ್ಕೆ ಮೊಳೆ ಜೋಡಿಸಿದವನು ನಾನು.
‘ಫಿನ್ಲೆಂಡಿನ ಹಳೆಯ ನಗೆಚಿತ್ರ’ ಅನ್ನುವಲ್ಲಿ
‘ಹಳೆಯ ಹಗೆಚಿತ್ರ’ ಎಂದು ಕೂತುಬಿಟ್ಟಿತು.
ನಕಾರದ ಮನೆಯೊಳಗೆ ಹಕಾರ ಬಿದ್ದಿತ್ತು.
‘ಇರಲಿ ಬಿಡು, ಕಾಗದ ತುಟ್ಟಿ’ ಅಂದರು ಮಾಲಕರು.
ಹಾಗಾಗಿ ಆ ರವಿವಾರ ಬೆಟಗೇರಿಯ ಅರ್ಧ ಗರಡಿಮನೆ
ಬಡಿದಾಟ ನೋಡಲು ಬಂದು ಮುಂದಿನ ಬೆಂಚು ಹಿಡಿಯಿತು.

ಡಬ್ಬಿಗಳು ಪುಣೆಯಿಂದ ಪ್ಯಾಸೆಂಜರ್ ಗಾಡಿಯಲ್ಲಿ ಬಂದಿದ್ದವು.
ದಾರಿಯಲ್ಲಿ ಮೇಲೆ ಮೆಣಸಿನಕಾಯಿ ಚೀಲ ಒಟ್ಟಿದ್ದರೇನೋ,
ರೀಲು ಬಿಚ್ಚುತ್ತ ಮಾಬುಸಾಬ ಮೂರು ಸಲ ಸೀನಿದ.
ಕೆಳಗೆ ಇಂಗ್ಲಿಷು ಬರೆದಿರಲಿಲ್ಲ. ಬರೆದಿದ್ದರೂ ಯಾರಿಗೆ ಬೇಕಿತ್ತು.

ಮೊದಲ ಮಾತಿಗೇ ಗದ್ದಲ:
ತೆರೆಯ ಮೇಲಿನ ಮುದುಕ ‘ಅಕ್ಕಾ!’ ಎಂದು ಕೂಗಿದ.
ಇನ್ನೊಬ್ಬ ಕೈಚಾಚಿ ‘ಅಣ್ಣಾ’ ಅಂದ.
‘ನಮ್ಮ ಮಂದಿನ ಅದಾರಲೇ!’ ಪೈಲವಾನ ದುರ್ಗಪ್ಪ ಎದ್ದು ನಿಂತ.
ಮುಕ್ಕಾಲು ಮಾತು ನಮ್ಮ ಹಾಗೇ ಸ್ವರದಲ್ಲಿ ಮುಗಿಯುತ್ತಿತ್ತು,
ನಡುನಡುವೆ ಒತ್ತಕ್ಷರ, ರೊಟ್ಟಿ ಬಡಿದ ಸಪ್ಪಳ.
ವರುಷಗಳ ಮೇಲೆ ತಿಳಿಯಿತು: ಅಲ್ಲಿ ಅಕ್ಕ ಎಂದರೆ ಮುದುಕಿ, ತುಸು ಬೈಗುಳ.
ಅಣ್ಣ ಎಂದರೆ ‘ಕೊಡು’.
ಇಲ್ಲೂ ಸುಳ್ಳಲ್ಲ. ಆರು ಜನ ತಮ್ಮ ತಂಗಿಯರ ಹಿರಿಯ ನಾನು.

ಕಥೆ ಇಷ್ಟೇ: ಒಬ್ಬ ಮಾಸ್ತರ, ಒಂದು ದೋಣಿ, ದೋಣಿಯವನ ಮಗಳು.
ಹೊಸ ಟೊಪ್ಪಿಗೆ ಹಾಕಿಕೊಂಡು ಮಾಸ್ತರ ಹೆಣ್ಣು ಕೇಳಲು ಹೋಗುತ್ತಾನೆ.
ಗಡಿಯಾರ ರಾತ್ರಿ ಹನ್ನೆರಡು ಹೊಡೆಯುತ್ತದೆ, ಬಿಸಿಲು ಹಾಗೇ ಇದೆ.
‘ಇವರಿಗೆ ಕತ್ತಲಾಗೂದ ಇಲ್ಲೇನು? ಕಳ್ಳರು ಹೊಟ್ಟಿಗೇನು ತಿಂತಾರು?’
ಯಾರೂ ಯಾರನ್ನೂ ಹೊಡೆಯಲಿಲ್ಲ.
ತೆರೆಯ ಮೇಲೆ ಯಾರೂ ನಗಲೂ ಇಲ್ಲ,
ಎಲ್ಲರ ಮುಖವೂ ತೊಳೆದಿಟ್ಟ ತಾಟು.

ಆ ನಿರ್ದೇಶಕನ ರೀತಿಯೇ ಹಾಗೆ.
ಕ್ಯಾಮೆರಾವನ್ನು ಕಟ್ಟೆಯ ಹಿರಿಯನಂತೆ ಒಂದು ಕಡೆ ಕೂರಿಸಿಬಿಡುತ್ತಾನೆ.
ಅದು ಯಾರ ಬೆನ್ನು ಹತ್ತಿಯೂ ಓಡುವುದಿಲ್ಲ.
ಬೀಳುವವನು ಚೌಕಟ್ಟಿನ ಹೊರಗೆ ಹೋಗಿ ಬೀಳಬೇಕು.
ನಮ್ಮ ಪಾಲಿಗೆ ಸಪ್ಪಳ, ನೀರಿನ ಮೇಲೆ ಅಗಲವಾಗುವ ಬಳೆ,
ಬಹಳ ಹೊತ್ತಿನ ಮೇಲೆ ತೇಲಿಬರುವ ಒಂದು ಹುಟ್ಟು.

ಮಾಸ್ತರ ಬೈಸಿಕೊಂಡು ಬಾಗಿಲು ದಾಟಿ ಹೋದ.
ಚಿತ್ರ ಹೋಗಲಿಲ್ಲ.
ಬಾಗಿಲು. ಪಕ್ಕದ ಗೋಡೆ.
ಬಾಗಿಲು.
‘ಏ ಮಾಬೂ, ರೀಲ ಸಿಕ್ಕೈತಿ!’ ಸಿಳ್ಳೆ, ಬೆಂಚು ಬಡಿತ.
ಕಿಂಡಿಯಿಂದ ತಲೆ ಹೊರಹಾಕಿ ಮಾಬುಸಾಬ
‘ಓಡಾಕತ್ತೈತಿ’ ಅಂದ. ಯಾರೂ ನಂಬಲಿಲ್ಲ.
ಆಗ ಹಿಂದಿನಿಂದ ಅಂಬುಬಾಯಿ ಹಬೀಬ,
ಮಗ್ಗದ ಕುಣಿಯಿಂದ ನೇರ ಎದ್ದು ಬಂದವಳು,
ತಲೆಯಲ್ಲಿ ಇನ್ನೂ ನೂಲಿನ ಎಳೆ,
‘ನಿಂತಿಲ್ರೋ. ಅವ ಏನೋ ಮರತಾನ. ತಡೀರಿ’ ಅಂದಳು.

ತಡೆದೆವು.
ಮಾಸ್ತರನ ಕೈ ಮಾತ್ರ ಒಳಗೆ ಬಂತು,
ತಡವರಿಸಿ ಗೋಡೆಯ ಟೊಪ್ಪಿಗೆ ತಗೊಂಡಿತು, ಹೋಯಿತು.
ಖಾಲಿ ಮೊಳೆ ಉಳಿಯಿತು.
ದುರ್ಗಪ್ಪ ನಕ್ಕು ನಕ್ಕು ಬೆಂಚಿನಿಂದ ಬಿದ್ದ,
ಎಲ್ಲರ ಕಣ್ಣೆದುರಿಗೇ ಬಿದ್ದ.
ಹೋಗುವಾಗ ನನ್ನ ಕೈಹಿಡಿದು
‘ಹಗೆಚಿತ್ರ ಭಾಳ ಚಲೋ ಇತ್ತು’ ಅಂದ.

ಮರುದಿನ ಪ್ರೆಸ್ಸಿನಲ್ಲಿ ಯಾರದೋ ಲಗ್ನಪತ್ರಿಕೆ.
ಎರಡು ಹೆಸರುಗಳ ನಡುವೆ ಇಡುವ ಖಾಲಿ ಮೊಳೆಯನ್ನು
ಮೊದಲ ಸಲ ಬೆಳಕಿಗೆ ಹಿಡಿದು ನೋಡಿದೆ.
ಅಕ್ಷರವಿಲ್ಲ. ಮಸಿ ಹತ್ತುವುದಿಲ್ಲ.
ಸೀಸ ಮಾತ್ರ ಉಳಿದವುಗಳದೇ ಸೀಸ.

ಹೋದ ವರ್ಷ ಆ ಹಾಲು ಕೆಡವುವ ಹಿಂದಿನ ಸಂಜೆ
ಮಾಬುಸಾಬ ಕೊನೆಯ ಸಲ ಕೀಲಿ ಹಾಕಿದ.
ಎಂಬತ್ತೆರಡು ವಯಸ್ಸು. ಏನೂ ಅನ್ನಲಿಲ್ಲ.
ಟಾಂಗಾಕೂಟದ ಕಡೆ ತಿರುಗಿ ಮರೆಯಾದ.
ನಾನು ಹೊರಡಲಿಲ್ಲ.
ಒಂದು ಆಟೋ ಹೋಯಿತು. ಒಂದು ಹಂದಿ, ಅದರ ಹಿಂದೆ ನಾಲ್ಕು ಮರಿ.
ಬಾಗಿಲು.
ಬಾಗಿಲು.
ಆಮೇಲೆ ತಿರುವಿನಲ್ಲಿ ಚಪ್ಪಲಿಯ ಸಪ್ಪಳ.
ಕೀಲಿಕೈ ಕೀಲಿಯಲ್ಲೇ ಬಿಟ್ಟಿದ್ದ.
ತಗೊಂಡ. ನನ್ನ ಕಡೆ ನೋಡಲಿಲ್ಲ.
ಮುಖ, ತೊಳೆದಿಟ್ಟ ತಾಟು.